ನನ್ನ ಎದುರು ನಿಂತ ಖಳನಾಯಕರು

ಎಷ್ಟು ಮಂದಿ ನನ್ನನ್ನು ಅಪಹರಿಸಿದರು, ಎಷ್ಟು ಮಂದಿ ಮನೆಯಿಂದ ಹೊರಗೆ ಹಾಕಿದರು, ಎಷ್ಟು ಮಂದಿ ವಿಷದ ಲೋಟವನ್ನು ನಗುನಗುತ್ತಾ ಕೈಗೆ ಕೊಟ್ಟರು ಎಂಬ ಲೆಕ್ಕ ನನ್ನಲ್ಲಿಲ್ಲ. ಪುತ್ತೂರು, ಸುಳ್ಯ, ಕಡಬದ ಕಡೆಯ ಯುವಕ ಮಂಡಲಗಳು ವರ್ಷಕ್ಕೊಮ್ಮೆ ಆಡುತ್ತಿದ್ದ ನಾಟಕಗಳಲ್ಲಿ ನಾನು ಸ್ತ್ರೀಪಾತ್ರ ಮಾಡುತ್ತಿದ್ದೆ. ಊರಿನ ಹೆಣ್ಣುಮಕ್ಕಳನ್ನು ಯಾರೂ ಸ್ಟೇಜು ಹತ್ತಲು ಬಿಡುತ್ತಿರಲಿಲ್ಲ. ಹಾಗಾಗಿ ಉಳಿದ ಪಾತ್ರಗಳಿಗೆಲ್ಲ ಊರಿನ ಗಂಡಸರು, ನಾಯಕಿಗೆ ಮಾತ್ರ ಪೇಟೆಯಿಂದ ಒಬ್ಬಳು. ಎಪ್ಪತ್ತರ ದಶಕದಲ್ಲೂ ಎಂಬತ್ತರ ದಶಕದಲ್ಲೂ ಆ ಒಬ್ಬಳು ಹೆಚ್ಚಿನ ಸಲ ನಾನೇ ಆಗಿದ್ದೆ. ಉಳಿದ ದಿನಗಳಲ್ಲಿ ಪುತ್ತೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದೆ.

ಈಗ ನಾಟಕಕ್ಕೆ ಬರುವ ಹುಡುಗ ಹುಡುಗಿಯರು ನಮ್ಮ ಕಾಲದ ನಾಯಕಿಯರ ಬಗ್ಗೆ ಕೇಳುತ್ತಾರೆ. ಹೇಳುವಂಥದ್ದು ಹೆಚ್ಚಿಲ್ಲ. ನಾಯಕಿ ನಂಬುತ್ತಾಳೆ, ಮೋಸ ಹೋಗುತ್ತಾಳೆ, ಅಳುತ್ತಾಳೆ. ಹತ್ತು ಊರಿನಲ್ಲಿ ಹತ್ತು ಹೆಸರಿನಿಂದ ನಾನು ಮಾಡಿದ್ದು ಅದನ್ನೇ. ನಾಟಕ ನಿಲ್ಲುವುದೋ ಬೀಳುವುದೋ ಖಳನಾಯಕನ ಮೇಲೆ. ಅವನು ಮಾತ್ರ ಪ್ರತಿ ಊರಿನಲ್ಲೂ ಬೇರೆ. ಒಂದು ಕಡೆ ಪೋಸ್ಟ್‌ಮ್ಯಾನ್, ಇನ್ನೊಂದು ಕಡೆ ಸೊಸೈಟಿಯ ಗುಮಾಸ್ತ, ಮತ್ತೊಂದು ಕಡೆ ಡಾಕ್ಟರರ ಕಂಪೌಂಡರ್. ಅವರ ಎದುರಿಗೆ, ಒಂದು ಕೈ ದೂರದಲ್ಲಿ ನಿಂತು ಕೆಲಸ ಮಾಡಿದವಳು ನಾನು. ಯಾರು ಹೆದರಿಸಿದರು, ಯಾರು ಹೆದರಿಸಲಿಲ್ಲ, ಯಾಕೆ ಎಂಬುದು ನನ್ನ ಮೈಗೆ ಗೊತ್ತು. ಅದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ನನ್ನನ್ನು ಈ ಕೆಲಸಕ್ಕೆ ತಂದವರು ಶೀನಪ್ಪ ಮಾಸ್ತರರು. ಯಾವುದೋ ಊರೂರು ತಿರುಗುವ ಕಂಪೆನಿಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಪುತ್ತೂರಿಗೆ ಬಂದು ನೆಲೆಸಿದವರು. ಪರದೆ, ವಿಗ್ಗು, ಕತ್ತಿ, ಮೀಸೆ ಎಲ್ಲ ಅವರ ಮನೆಯ ಅಟ್ಟದಲ್ಲಿದ್ದವು. ಯುವಕ ಮಂಡಲದವರು ಬಂದು ಕೇಳಿದರೆ ನಾಟಕವನ್ನೂ ಅವರೇ ಬರೆಯುತ್ತಿದ್ದರು, ಕಲಿಸುತ್ತಿದ್ದರು, ಬಣ್ಣವನ್ನೂ ಬಳಿಯುತ್ತಿದ್ದರು. ಅವರ ಸಿದ್ಧಾಂತದಲ್ಲಿ ಖಳನಾಯಕನೆಂದರೆ ಮೀಸೆ, ಕೆನ್ನೆಯ ಮೇಲೊಂದು ಗಾಯದ ಗುರುತು, ಮತ್ತು ನಗು. ನಗುವನ್ನು ಕಲಿಸಲು ಅವರು ಒಂದು ಇಡೀ ದಿನ ತೆಗೆದುಕೊಳ್ಳುತ್ತಿದ್ದರು. ಹೊಟ್ಟೆಯಿಂದ ಎದ್ದು ಗಂಟಲಿನಲ್ಲಿ ತಿರುಗಿ ಹೊರಗೆ ಬರಬೇಕಿತ್ತು ಅದು.

ಜಾಲ್ಸೂರಿನ ಹತ್ತಿರ ಒಂದು ಶಾಲೆಯಲ್ಲಿ ನನ್ನ ಮೊದಲ ನಾಟಕ. ಖಳನಾಯಕ ಒಬ್ಬ ಬಸ್ ಕಂಡಕ್ಟರ್. ಸ್ವರ ಒಳ್ಳೆಯದಿತ್ತು, ಎತ್ತರ ಇತ್ತು, ನಗುವನ್ನೂ ಚೆನ್ನಾಗಿ ಕಲಿತಿದ್ದ. ನನ್ನ ಕೈ ಹಿಡಿದು ಎಳೆಯುವ ದೃಶ್ಯದಲ್ಲಿ ಅವನು ನಕ್ಕ ರಭಸಕ್ಕೆ ಮೀಸೆಯ ಒಂದು ಬದಿ ಎದ್ದು, ತುಟಿಯ ಮೇಲೆ ಬಾಗಿಲಿನ ಹಾಗೆ ಆಡತೊಡಗಿತು. ಮುಂದೆ ಕೂತ ಮಕ್ಕಳು ನಕ್ಕರು. ನಾನೂ ನಕ್ಕುಬಿಟ್ಟೆ. ಅಪಹರಣಕ್ಕೆ ಒಳಗಾಗುವ ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಆ ಊರಿನವರು ಬಹಳ ಕಾಲ ನೆನಪಿಟ್ಟುಕೊಂಡಿದ್ದರು.

ಪರದೆ ಬಿದ್ದ ಮೇಲೆ ಮಾಸ್ತರರು ಕಂಡಕ್ಟರನಿಗೆ ಏನೂ ಹೇಳಲಿಲ್ಲ. ನನ್ನ ಕಡೆ ತಿರುಗಿದರು.

“ಮೀಸೆ ಬೀಳ್ತದೆ. ಗೋಂದು ಅಲ್ವಾ, ಬೆವರಿದರೆ ಬೀಳುದೇ. ನೀನು ಯಾಕೆ ನಗುದು?”

“ತಡೀಲಿಕ್ಕೆ ಆಗ್ಲಿಲ್ಲ ಮಾಸ್ತರ್ರೆ.”

“ನೀನು ಹೆದರಿದ್ರೆ ಮೀಸೆ ಬಿದ್ದದ್ದು ಯಾರಿಗೂ ಕಾಣ್ತಿರ್ಲಿಲ್ಲ. ಜನ ಅವನನ್ನು ನೋಡಿ ಹೆದರುದಲ್ಲ, ನಿನ್ನನ್ನು ನೋಡಿ ಹೆದರುದು. ತಿಳ್ಕೋ.”

ಮಾಸ್ತರರ ಮೀಸೆ, ನಗು, ಗಾಯದ ಸಿದ್ಧಾಂತಗಳನ್ನು ಕಾಲ ಅಳಿಸಿತು. ಈ ಒಂದು ಮಾತು ಉಳಿಯಿತು. ಎದುರಿನವನನ್ನು ಖಳನನ್ನಾಗಿ ಮಾಡುವುದು ಅರ್ಧಕ್ಕಿಂತ ಹೆಚ್ಚು ನಮ್ಮ ಕೆಲಸ. ಅವನು ಬಾಗಿಲಲ್ಲಿ ಕಾಣಿಸಿಕೊಂಡಾಗ ನಾವು ಹಿಡಿದ ಪಾತ್ರೆ ಕೆಳಗಿಡಲು ಮರೆತರೆ ಸಾಕು.

ನನ್ನ ಜೊತೆ ಎಲ್ಲ ಕಡೆಗೂ ಅಮ್ಮ ಬರುತ್ತಿದ್ದಳು. ನಾಟಕಕ್ಕೆ ಹೋಗುವ ಹೆಂಗಸಿನ ಬಗ್ಗೆ ಬಸ್ಸಿನಲ್ಲಿ, ಹೋಟೆಲಿನಲ್ಲಿ ಜನ ಏನು ಮಾತಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ಬೀಡಿ ಎಲೆಯ ಬುಟ್ಟಿಯನ್ನೂ ತರುತ್ತಿದ್ದಳು. ಪರದೆಯ ಬದಿಯಲ್ಲಿ ಗೋಡೆಗೊರಗಿ ಕೂತು, ಬೀಡಿ ಕಟ್ಟುತ್ತಾ ನಾಟಕ ನೋಡುತ್ತಿದ್ದಳು. ಅವಳದ್ದು ಒಂದೇ ವಿಮರ್ಶೆ. ಖಳನಾಯಕ ಬಂದಾಗ ಅವಳ ಕೈ ನಿಂತರೆ ಅವನು ಒಳ್ಳೆಯವ. ಬೀಡಿ ಸುತ್ತುತ್ತಲೇ ಇದ್ದರೆ ಆ ನಾಟಕದ ಕತೆ ಮುಗಿಯಿತು ಎಂದು ಅರ್ಥ.

ಅವಳ ಕೈಯನ್ನು ಮೊದಲು ನಿಲ್ಲಿಸಿದವರು ಕಡಬ–ನೆಲ್ಯಾಡಿ ನಡುವಿನ ಒಂದು ಊರಿನ ಕುರಿಯಾಕೋಸ್ ಎಂಬವರು. ಕೇರಳದಿಂದ ಬಂದು ಕಾಡು ಕಡಿದು ರಬ್ಬರು ಹಾಕಿದ ಕ್ರೈಸ್ತ ಮನೆತನದವರು. ಇಗರ್ಜಿಯ ಹಬ್ಬಕ್ಕೆ ಆ ಊರಿನವರು ಹಗಲಲ್ಲೇ ಕನ್ನಡ ನಾಟಕ ಆಡಬೇಕೆಂದು ಹೊರಟಿದ್ದರು. ಊರಿಗೆಲ್ಲ ದೊಡ್ಡ ದೇಹ ಕುರಿಯಾಕೋಸರದ್ದು, ಕೈಗಳು ಒನಕೆಯ ಹಾಗೆ. ಅದನ್ನು ನೋಡಿ ಮಾಸ್ತರರು ಖಳನಾಯಕನ ಪಾತ್ರ ಕೊಟ್ಟರು. ಅವರ ಮನಸ್ಸು ಮಾತ್ರ ಬೆಣ್ಣೆ. ಭಾನುವಾರ ಸಣ್ಣ ಮಕ್ಕಳಿಗೆ ಇಗರ್ಜಿಯಲ್ಲಿ ಪಾಠ ಹೇಳುತ್ತಿದ್ದವರು ಅವರೇ.

ಒಬ್ಬ ಅನಾಥ ಹುಡುಗಿಯನ್ನು ಮನೆಯಿಂದ ಹೊರಗೆ ತಳ್ಳುವುದು ಅವರ ದೃಶ್ಯ. ಅವರು ನನ್ನ ರಟ್ಟೆಯನ್ನು ಹೂವಿನ ಗಿಡ ಮುಟ್ಟುವ ಹಾಗೆ ಮುಟ್ಟಿ, “ಹೋಗು ಹೊರಗೆ” ಎಂದು ಗರ್ಜಿಸಿ, ಮರುಕ್ಷಣವೇ ತಗ್ಗಿದ ಸ್ವರದಲ್ಲಿ, “ನೋವಾಯ್ತಾ ಮೋಳೆ?” ಎಂದು, ಮಲಯಾಳದಲ್ಲಿ ಮಗಳೇ ಎಂದು ಕರೆದು, ಕೇಳುತ್ತಿದ್ದರು. ಪ್ರತಿ ಸಲವೂ ಹೀಗೇ. ಮಾಸ್ತರರು ತಲೆಗೆ ಕೈ ಹೊತ್ತು ಕೂತರು.

ಊಟದ ಹೊತ್ತಿನಲ್ಲಿ ನಾನು ಅವರೊಡನೆ ಸುಮ್ಮನೆ ಮಾತಿಗೆ ಕೂತೆ. ಕಾಡುಹಂದಿಗಳು ಹಿಂಡು ಹಿಂಡಾಗಿ ಬಂದು ಮರಗೆಣಸು ತಿನ್ನುವ ಕಾಲ ಅದು. “ಹಂದಿ ಬಂದ್ರೆ ನೀವು ಬೊಬ್ಬೆ ಹಾಕ್ತೀರಾ?” ಎಂದು ಕೇಳಿದೆ.

“ಬೊಬ್ಬೆ ಹಾಕಿದ್ರೆ ಅದು ಓಡ್ತದೆ,” ಎಂದರು ಅವರು. “ನಾಳೆ ಪುನಃ ಬರ್ತದೆ. ಹಾಗೆ ಮಾಡುದಿಲ್ಲ. ಸುಮ್ಮನೆ ನಿಲ್ಲುದು. ಅದು ಎಲ್ಲಿಂದ ಬಂತು, ಎಲ್ಲಿಂದ ಹೋಗ್ತದೆ ಅಂತ ನೋಡುದು.”

“ನನ್ನನ್ನೂ ಹಾಗೆ ನೋಡಿ,” ಎಂದೆ. “ಕೈ ಮುಟ್ಟುದೇ ಬೇಡ. ಮೆತ್ತಗೆ ಹೇಳಿ ಸಾಕು.”

ಅವರು ಒಪ್ಪಿದರು. ಮುಟ್ಟುವುದು ಬೇಡವೆಂಬುದೇ ಅವರಿಗೆ ದೊಡ್ಡ ಸಮಾಧಾನ. ನಾಟಕದ ದಿನ ಅವರು ಬಾಗಿಲಲ್ಲಿ ನಿಂತು, ನನ್ನನ್ನೂ ನನ್ನ ಹಿಂದಿದ್ದ ಇನ್ನೊಂದು ಬಾಗಿಲನ್ನೂ ನೋಡಿದರು. ನಾನು ಎಲ್ಲಿಂದ ಓಡಬಹುದೆಂದು ಅಳೆಯುವ ನೋಟ. ಆಮೇಲೆ ಮೆತ್ತಗೆ, “ಹೋಗು ಹೊರಗೆ” ಎಂದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ತಿರುಗಿ ನೋಡಿದರೆ ಅಮ್ಮನ ಕೈಯಲ್ಲಿ ಅರ್ಧ ಸುತ್ತಿದ ಬೀಡಿ ಹಾಗೇ ಇತ್ತು. ಮುಂದಿನ ಸಾಲಿನಲ್ಲಿ ಒಂದು ಮಗು ಅಳಲು ಸುರು ಮಾಡಿತು. ಅದನ್ನು ನೋಡಿ ಇನ್ನೊಂದು.

ನಮಗೆಲ್ಲ ಸಂತೋಷವೋ ಸಂತೋಷ. ಮಾಸ್ತರರು ಅವರ ಬೆನ್ನು ತಟ್ಟಿದರು. ಆದರೆ ಮುಂದಿನ ಸಲ ನಾವು ಆ ದಾರಿಯಲ್ಲಿ ಹೋದಾಗ ಕುರಿಯಾಕೋಸರು ಬಸ್ಸು ನಿಲ್ಲುವಲ್ಲಿ ಸಿಕ್ಕಿದರು. ಮುಖ ಸಪ್ಪೆಯಾಗಿತ್ತು. ಮಕ್ಕಳು ಅವರ ಹತ್ತಿರ ಪಾಠಕ್ಕೆ ಕೂರುತ್ತಿರಲಿಲ್ಲವಂತೆ. ಮಿಠಾಯಿ ಹಿಡಿದು ಕರೆದರೂ ತಾಯಿಯ ಸೀರೆಯ ಹಿಂದೆ ನಿಲ್ಲುತ್ತಿದ್ದವಂತೆ.

“ಸ್ವಲ್ಪ ಸಮಯ ಹೋದರೆ ಮರೆತುಬಿಡ್ತಾರೆ,” ಎಂದರು ಮಾಸ್ತರರು.

“ಮಕ್ಕಳು ಮರೀತಾರೆ. ನನ್ನೊಳಗೆ ಅಂಥದ್ದೊಂದು ಉಂಟು ಅಂತ ನನಗೇ ಗೊತ್ತಿರ್ಲಿಲ್ಲ ಮಾಸ್ತರೆ. ಇನ್ನು ನನ್ನನ್ನು ಕರೀಬೇಡಿ.”

ಮತ್ತೆ ಅವರು ಬಣ್ಣ ಹಚ್ಚಲಿಲ್ಲ. ನಾನು ಕಂಡ ಒಳ್ಳೆಯ ಖಳನಾಯಕರಲ್ಲಿ ಒಬ್ಬರು ಒಂದೇ ಒಂದು ನಾಟಕ ಮಾಡಿ ನಿಲ್ಲಿಸಿದರು. ಅದರಿಂದ ಅವರಿಗೆ ನಷ್ಟವೇನೂ ಆಗಲಿಲ್ಲ.

ಇನ್ನು ನಾನು ಹೇಳಲೇಬೇಕಾದದ್ದು ಮರ್ಕಂಜದ ಆಚೆಗಿನ ಒಂದು ಊರಿನ ಸಂಗತಿ. ಊರಿನ ಹೆಸರು ಬೇಡ. ಉಳುವವನಿಗೆ ಭೂಮಿ ಎಂಬ ಕಾನೂನು ಬಂದು, ಗೇಣಿಯ ಒಕ್ಕಲುಗಳಿಗೆ ಜಾಗ ಸಿಕ್ಕಿ, ದೊಡ್ಡ ಮನೆಗಳವರು ಸಣ್ಣವರಾಗಿದ್ದ ಕಾಲ. ಆಗ ಪ್ರತಿ ನಾಟಕದಲ್ಲೂ ಒಬ್ಬ ದುಷ್ಟ ಧಣಿ ಇರಲೇಬೇಕು. ಮಾಸ್ತರರೂ ಒಂದನ್ನು ಬರೆದಿದ್ದರು. ಗಂಡ ಸತ್ತ ಒಕ್ಕಲು ಹೆಂಗಸೊಬ್ಬಳ ಮನೆಗೆ ಧಣಿ ಬಂದು, ಮಡಕೆಗೆ ಒದ್ದು, ನಾಳೆ ಸೂರ್ಯ ಹುಟ್ಟುವ ಮೊದಲು ಖಾಲಿ ಮಾಡು ಎನ್ನುತ್ತಾನೆ. ಅವಳು ಹೋಗುವುದಿಲ್ಲ ಎನ್ನುತ್ತಾಳೆ, ಅವನು ತಳ್ಳುತ್ತಾನೆ, ಅವಳು ಬೀದಿಪಾಲಾಗುತ್ತಾಳೆ. ಕೊನೆಗೆ ನಾಯಕ ಬಂದು ನ್ಯಾಯ ಕೊಡಿಸುತ್ತಾನೆ. ನಾಯಕ ಆ ಊರಿನ ಕುಶಾಲಪ್ಪ. ಅವನ ತಂದೆಗೆ ನಿಜವಾಗಿಯೂ ಒಕ್ಕಲು ಜಾಗ ಸಿಕ್ಕಿತ್ತು.

ಭಾನುವಾರ ಮಧ್ಯಾಹ್ನ ಶಾಲೆಯಲ್ಲಿ ಅಭ್ಯಾಸ. ಒಂದು ಭಾನುವಾರ ಆ ಊರಿನ ಧಣಿಗಳು ಬಂದು ಬೆಂಚಿನಲ್ಲಿ ಕೂತರು. ಜಾಗ ಹೋಗಿದ್ದರೂ ಊರಿನವರು ಅವರನ್ನು ಧಣಿಗಳೆಂದೇ ಕರೆಯುತ್ತಿದ್ದರು. ಸ್ಟೇಜಿನ ಹಲಗೆ ಅವರ ಮನೆಯಿಂದಲೇ ಬರಬೇಕಿತ್ತು. ಬಿಳಿ ಅಂಗಿ, ಬಿಳಿ ಕೂದಲು, ಹೆಗಲ ಮೇಲೆ ಶಾಲು, ಶಾಂತವಾದ ಮುಖ. ಧಣಿಯ ಪಾತ್ರ ಮಾಡುತ್ತಿದ್ದ ಹುಡುಗ ಅವರನ್ನು ಕಂಡದ್ದೇ ಮಡಕೆ ಒದೆಯಲು ಹೋಗಿ ಎಡವಿದ.

ಅವರು ಕೈ ಎತ್ತಿ ನಿಲ್ಲಿಸಿದರು. “ನಾಟಕದಲ್ಲಿ ಧಣಿ ಅಂದ್ರೆ ಯಾಕೆ ಹೀಗೆ ತೋರಿಸುದು? ನಾವೆಲ್ಲ ಮಡಕೆ ಒದ್ದವರಾ? ಯಾವ ಧಣಿ ಒಕ್ಕಲಿನ ಹೆಂಗಸಿನ ಹತ್ರ ಹೀಗೆ ಮಾತಾಡಿದ್ದಾನೆ?”

ಹುಡುಗ ಮಡಕೆಯನ್ನು ಬದಿಗೆ ಸರಿಸಿದ.

“ನಾನು ಮಾಡ್ತೇನೆ,” ಎಂದರು ಅವರು. “ಧಣಿ ಮಾತಾಡುದು ಹೇಗೆ ಅಂತ ಜನ ಒಮ್ಮೆ ನೋಡ್ಲಿ.”

ಹುಡುಗರಿಗೆ ಬೇಡ ಎನ್ನಲು ನಾಲಗೆ ಬರಲಿಲ್ಲ. ಮಾಸ್ತರರಿಗೆ ಒಳಗೊಳಗೇ ಖುಷಿ, ದೊಡ್ಡವರು ಪಾತ್ರ ಮಾಡಿದರೆ ಜನ ಸೇರುತ್ತಾರೆ ಎಂದು.

ಅವರು ಬಂದು, ನನ್ನ ಮನೆಯ ಜಗಲಿಯೆಂದು ಇಟ್ಟಿದ್ದ ಬೆಂಚಿನ ತುದಿಯಲ್ಲಿ ಕೂತರು. ಸುತ್ತ ನೋಡಿ, ಮನೆಯ ಸೂರನ್ನು ನೋಡುವ ಹಾಗೆ ತಲೆಯೆತ್ತಿದರು.

“ಊಟ ಆಯ್ತಾ?” ಎಂದು ಕೇಳಿದರು.

ಅದು ನಾಟಕದಲ್ಲಿ ಇರಲಿಲ್ಲ. “ಆಯ್ತು” ಎಂದೆ.

“ಮಾಡು ಸೋರ್ತದಲ್ವಾ ಮಗಾ? ಈ ಮಳೆಗಾಲಕ್ಕೆ ನೀನು ಒಬ್ಬಳೇ ಇಲ್ಲಿರುದು ಬೇಡ. ಗೋಡೆ ಗೀಡೆ ಬಿದ್ದರೆ ನನ್ನ ತಲೆಗೆ ಬರ್ತದೆ. ತಮ್ಮನ ಮನೆಯಲ್ಲಿ ಹೋಗಿ ನಿಲ್ಲು. ನಾನು ಮಾಡು ಹೊಸತು ಮಾಡಿಸಿ ನಿನಗೆ ಜನ ಕಳಿಸ್ತೇನೆ. ನಿನ್ನ ಗಂಡ ನನಗೆ ಬೇರೆಯವನಾ?”

ನನ್ನ ಮುಂದಿನ ಮಾತು, “ನಾನು ಹೋಗುವುದಿಲ್ಲ.” ಅದನ್ನು ಹೇಳಲು ನನಗೆ ಜಾಗವೇ ಸಿಗಲಿಲ್ಲ. ಊಟ ಆಯಿತಾ ಎಂದು ಕೇಳಿದವನಿಗೆ, ಮಾಡು ಹೊಸತು ಮಾಡಿಸುತ್ತೇನೆ ಎಂದವನಿಗೆ, ಹೋಗುವುದಿಲ್ಲ ಎಂದು ಹೇಗೆ ಹೇಳುವುದು? ಹೇಳಿದರೆ ನಾನೇ ಕೆಟ್ಟವಳಾಗುತ್ತೇನೆ. ಸುಮ್ಮನೆ ತಲೆಯಾಡಿಸಿದೆ.

ಬಸ್ಸಿಗೆ ನಡೆಯುತ್ತಾ ಮಾಸ್ತರರು ಗೊಣಗಿದರು. “ಚಂದ ಮಾತಾಡ್ತಾರೆ. ಆದ್ರೆ ಖಳನಾಯಕ ಎಲ್ಲಿ ಹೋದ ಮಾರಾಯ್ತಿ?”

“ಅವರೇ,” ಎಂದಳು ಅಮ್ಮ.

ಕೊನೆಗೆ ಮಾಸ್ತರರು ನಾಟಕವನ್ನೇ ಸ್ವಲ್ಪ ತಿರುಗಿಸಿ ಬರೆದರು. ಹೆಂಗಸು ಧಣಿಯ ಮಾತು ನಂಬಿ ಗಂಟು ಕಟ್ಟಿಕೊಂಡು ಹೋಗುತ್ತಾಳೆ, ಆಮೇಲೆ ಮನೆ ಕಳೆದುಕೊಳ್ಳುತ್ತಾಳೆ ಎಂದು ಮಾಡಿದರು. ಧಣಿಗಳು ಅದಕ್ಕೂ ಒಪ್ಪಿದರು. ಮುಂದಿನದ್ದು ಅವರಿಗೆ ಮುಖ್ಯ ಆಗಿರಲಿಲ್ಲ, ತಮ್ಮ ದೃಶ್ಯವಷ್ಟೇ ಮುಖ್ಯ.

ಅಭ್ಯಾಸದ ದಿನಗಳಲ್ಲಿ ನಮಗೆ ಚಹಾ ಮಾಡಿ ಕೊಡುತ್ತಿದ್ದವಳು ಪೂವಮ್ಮ ಎಂಬ ಹೆಂಗಸು. ಅಮ್ಮನ ಪ್ರಾಯದವಳು. ತಮ್ಮನ ಮನೆಯ ಒಂದು ಮೂಲೆಯಲ್ಲಿ ಇರುತ್ತಾಳೆ ಎಂದಷ್ಟೇ ಗೊತ್ತಿತ್ತು. ಧಣಿಗಳು ಬರತೊಡಗಿದ ಮೇಲೆ ಅವಳು ಒಳಗೆ ಬರುತ್ತಿರಲಿಲ್ಲ. ಚಹಾದ ಪಾತ್ರೆಯನ್ನು ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದಳು.

ಆ ಊರಿಗೆ ಕರೆಂಟು ಬಂದಿರಲಿಲ್ಲ. ಹಗಲಿನಲ್ಲೇ, ಶಾಲೆಯ ಅಂಗಳದಲ್ಲಿ ನಾಟಕ. ಮೈಕೂ ಇಲ್ಲ. ಬೇರೆ ಕಡೆಯಾದರೆ ಸ್ಟೇಜಿನ ನಡುವೆ ಒಂದು ಮೈಕು ನೇತಾಡುತ್ತಿತ್ತು, ಎಲ್ಲರೂ ಅದರ ಕೆಳಗೆ ಬಂದು ಕೂಗಬೇಕಿತ್ತು. ಇಲ್ಲಿ ಧಣಿಗಳು ಜಗಲಿಯ ತುದಿಯಲ್ಲಿ ಕೂತು, ಮನೆಯಲ್ಲಿ ಮಾತಾಡುವ ಸ್ವರದಲ್ಲಿ “ಊಟ ಆಯ್ತಾ?” ಎಂದಾಗ ಕೇಳಿಸಿಕೊಳ್ಳಲು ಇಡೀ ಅಂಗಳ ಸ್ತಬ್ಧವಾಯಿತು. ಅವರು ಮಾಡಿನ ಮಾತು ಹೇಳಿದರು. ತಮ್ಮನ ಮನೆಯ ಮಾತು ಹೇಳಿದರು. “ನಿನ್ನ ಗಂಡ ನನಗೆ ಬೇರೆಯವನಾ?” ಎಂದರು. ಅವರ ಮುಖದಲ್ಲಿ ನಿಜವಾದ ಪ್ರೀತಿ ಇತ್ತು. ಚಪ್ಪಾಳೆ ಬರುತ್ತದೆಂದು ಕಾಯುತ್ತಿದ್ದಾರೆ ಎಂಬುದು ನನಗೆ ಕಾಣುತ್ತಿತ್ತು.

ಚಪ್ಪಾಳೆ ಬರಲಿಲ್ಲ. ಹಿಂದೆ ಹೆಂಗಸರು ನಿಂತಿದ್ದ ಕಡೆಯಿಂದ ಒಂದು ಸ್ವರ ಬಂತು.

“ಮಾಡು ಆತಾ ಧಣಿಗಳೇ?”

ಪೂವಮ್ಮ. ಸ್ವರ ಎತ್ತರಿಸಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗೆ ಕೇಳಿದ್ದಳು. ಜನ ಹಿಂದೆ ತಿರುಗಿ ನೋಡಿದರು, ಆಮೇಲೆ ಮುಂದೆ ತಿರುಗಿ ಧಣಿಗಳನ್ನು ನೋಡಿದರು.

ಅವರು ಗಲಿಬಿಲಿಗೊಳ್ಳುತ್ತಾರೆಂದು ನಾನು ತಿಳಿದಿದ್ದೆ. ಇಲ್ಲ. ಅವರು ಅವಳ ಕಡೆ ನೋಡಿ, ಅದೇ ಮುಖದಲ್ಲಿ, ಅದೇ ಸ್ವರದಲ್ಲಿ ಹೇಳಿದರು. “ಆಗ್ತದೆ ಪೂವಮ್ಮ. ಈ ಮಳೆಗಾಲ ಒಂದು ಕಳೀಲಿ.”

ಯಾವ ಖಳನಾಯಕನ ಎದುರೂ ನನಗೆ ಅಷ್ಟು ಹೆದರಿಕೆ ಆಗಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಹೇಳುವಾಗ ಅದನ್ನು ನಂಬಿಯೇ ಹೇಳುತ್ತಿದ್ದರು. ಅವಳಿಗೆ ಹಿಂದೆ ಹೇಳಿದಾಗಲೂ ನಂಬಿಯೇ ಹೇಳಿದ್ದಿರಬೇಕು.

ಈಗ ನಾನು ತಲೆಯಾಡಿಸಿ ಗಂಟು ಕಟ್ಟಬೇಕು. ಗಂಟಿನ ಬಟ್ಟೆ ಕೈಯಲ್ಲೇ ಇತ್ತು. ಇಡೀ ಊರು ನನ್ನನ್ನು ನೋಡುತ್ತಿತ್ತು. ನನ್ನ ಬಾಯಿಂದ ಬಂದದ್ದು ಹಳೆಯ ನಾಟಕದ ಮಾತು, ಆದರೆ ಪುಸ್ತಕದ ಕನ್ನಡದಲ್ಲಿ ಅಲ್ಲ. “ನಾನು ಹೋಗುದಿಲ್ಲ ಧಣಿಗಳೇ. ಸೋರಿದ್ರೆ ಸೋರ್ಲಿ. ಮಾಡು ಆಗುವಲ್ಲಿವರೆಗೆ ನಾನು ಇಲ್ಲೇ ಇರ್ತೇನೆ.”

ಅಂಗಳದ ಹಿಂದಿನಿಂದ ಚಪ್ಪಾಳೆ ಸುರುವಾಗಿ ಮುಂದಕ್ಕೆ ಬಂತು. ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ಧಣಿಗಳ ಹೆಂಡತಿ ಎದ್ದು ಮನೆಯ ದಾರಿ ಹಿಡಿದರು. ಹೆಂಗಸು ಮನೆ ಬಿಡದಿದ್ದರೆ ಮುಂದೆ ನಾಟಕವೇ ಇಲ್ಲ. ನ್ಯಾಯ ಕೊಡಿಸಬೇಕಾದ ಕುಶಾಲಪ್ಪ ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ನಿಂತೇ ಇದ್ದ. ಮಾಸ್ತರರು ಪರದೆ ಎಳೆದರು.

“ನಾಟಕ ಹಾಳು ಮಾಡಿದೆ,” ಎಂದರು ನನಗೆ. ಅದು ನಿಜ. ಬರೆದದ್ದನ್ನು ಬಿಟ್ಟು ತನಗೆ ತೋಚಿದ್ದನ್ನು ಹೇಳುವ ನಟಿಯನ್ನು ಯಾವ ಮಾಸ್ತರರೂ ಮೆಚ್ಚಬಾರದು. ಅವರು ಆಮೇಲೆ ಎರಡು ನಾಟಕಗಳಿಗೆ ನನ್ನನ್ನು ಕರೆಯಲಿಲ್ಲ.

ಬಣ್ಣ ತೆಗೆಯುವಾಗ ಕುಶಾಲಪ್ಪ ವಿಷಯ ಹೇಳಿದ. ಪೂವಮ್ಮನ ಗಂಡ ಸತ್ತ ವರ್ಷ ಧಣಿಗಳು ಇದೇ ಮಾತು ಹೇಳಿ ಅವಳನ್ನು ತಮ್ಮನ ಮನೆಗೆ ಕಳಿಸಿದ್ದರು. ಮಾಡು ಹೊಸತಾಗಲಿಲ್ಲ. ಅವಳ ಮನೆಯಲ್ಲಿ ಧಣಿಗಳ ಆಳೊಬ್ಬ ಬಂದು ಕೂತ. ಒಕ್ಕಲುಗಳೆಲ್ಲ ತಾವಿದ್ದ ಜಾಗಕ್ಕೆ ಅರ್ಜಿ ಕೊಡುವ ಕಾಲ ಬಂದಾಗ ಅವಳು ಅಲ್ಲಿ ಇರಲಿಲ್ಲ. ಕೇಳಿದವರಿಗೆಲ್ಲ ಧಣಿಗಳು, ಅವಳಾಗಿಯೇ ಬಿಟ್ಟುಹೋದದ್ದು ಎನ್ನುತ್ತಿದ್ದರು. ಅವಳಿಗೆ ಹೇಳಿದ ಮಾತು ಅವಳೊಬ್ಬಳಿಗೆ ಬಿಟ್ಟರೆ ಯಾರಿಗೂ ಕೇಳಿರಲಿಲ್ಲ. ಈಗ ಊರಿಗೆ ಊರೇ ಕೇಳಿಸಿಕೊಂಡಿತು, ಅದೂ ಅವರ ಬಾಯಿಂದಲೇ.

ಮುಂದಿನ ಬೇಸಿಗೆಯಲ್ಲಿ ಪೂವಮ್ಮ ತನ್ನ ಮನೆಗೆ ಹೋದಳು. ಆಳನ್ನು ಎಬ್ಬಿಸಿದವರೂ ಮಾಡಿಗೆ ಹೊಸ ಹಂಚು ಹೊದಿಸಿದವರೂ ಧಣಿಗಳ ಹೆಂಡತಿ. ಸುತ್ತಲಿನ ಜಾಗ ಸಿಗಲಿಲ್ಲ, ಮನೆ ಮತ್ತು ಅಂಗಳ ಮಾತ್ರ. ಧಣಿಗಳು ಊರಿನಲ್ಲೆಲ್ಲ, “ನಾನು ಅಂದೇ ಹೇಳಿದ್ದೆನಲ್ಲ, ಮಾಡು ಮಾಡಿಸಿ ಕೊಡ್ತೇನೆ ಅಂತ” ಎಂದು ಹೇಳುತ್ತಾ ತಿರುಗಿದರಂತೆ. ಮಾಸ್ತರರು ಸಿಕ್ಕಿದಾಗ, ಬರುವ ವರ್ಷವೂ ಒಂದು ಒಳ್ಳೆಯ ಪಾತ್ರ ಇದ್ದರೆ ತಿಳಿಸಿ ಎಂದರಂತೆ.

ಅಲ್ಲಿಂದ ಮೇಲೆ ಯಾವ ಊರಿಗೆ ಹೋದರೂ ನಾನು ಖಳನಾಯಕನ ಪಾತ್ರ ಮಾಡುವವನಿಗೆ ಒಂದು ಮಾತು ಹೇಳುತ್ತಿದ್ದೆ: ನೀವು ಕೆಟ್ಟವರೆಂದು ತಿಳಿದುಕೊಂಡು ಒಳಗೆ ಬರಬೇಡಿ. ಒಳ್ಳೆಯ ಕೆಲಸಕ್ಕೆ ಬಂದಿದ್ದೀರೆಂದು ತಿಳಿದು ಬನ್ನಿ. ಕೆಲವರು ಕೇಳಿದರು. ಹೆಚ್ಚಿನವರಿಗೆ ಮೀಸೆಯೇ ಬೇಕಿತ್ತು.

ಎಂಬತ್ತರ ದಶಕದ ಕೊನೆಗೆ ಬರುವಾಗ ಕೆಲಸದ ರೀತಿಯೇ ಬದಲಾಯಿತು. ಹಾರ್ಮೋನಿಯಂ ಹೋಗಿ ಟೇಪ್ ರೆಕಾರ್ಡರ್ ಬಂತು. ಪರದೆಯ ಹಿಂದೆ ಕೂತು ಮಾತು ಹೇಳಿಕೊಡುವವರು ಇಲ್ಲವಾದರು. ಸ್ಟೇಜಿಗೆ ಮೂರು ನಾಲ್ಕು ಮೈಕು. ಮಾಸ್ತರರ ಕಣ್ಣು ಮಂದವಾಗಿ, ಅಟ್ಟದ ಮೀಸೆಗಳನ್ನು ಇಲಿ ತಿಂದಿತು. ವೀಡಿಯೊ ಬಂದು ಎಷ್ಟೋ ಯುವಕ ಮಂಡಲಗಳು ನಾಟಕ ನಿಲ್ಲಿಸಿದವು. ಆದರೆ ಊರಿನ ಹೆಣ್ಣುಮಕ್ಕಳು ತಾವೇ ಸ್ಟೇಜು ಹತ್ತತೊಡಗಿದರು. ಅಷ್ಟರಲ್ಲಿ ಅಮ್ಮ ತೀರಿಕೊಂಡಿದ್ದಳು, ನಾನು ಒಬ್ಬಳೇ ಬಸ್ಸು ಹತ್ತಿದರೆ ಯಾರೂ ತಿರುಗಿ ನೋಡದ ಪ್ರಾಯಕ್ಕೆ ಬಂದಿದ್ದೆ.

ಸುಳ್ಯದ ಒಂದು ಮಹಿಳಾ ಮಂಡಲದವರು ತಮ್ಮ ವಾರ್ಷಿಕೋತ್ಸವಕ್ಕೆ ಅತ್ತೆ ಸೊಸೆಯ ನಾಟಕ ಆಡಿದರು. ಸೊಸೆ ಅಲ್ಲಿನದೇ ಒಬ್ಬ ಟೀಚರ್, ಅತ್ತೆ ನಾನು. ನನ್ನ ಮೊದಲ ಖಳಪಾತ್ರ. ಬರೆದವರು ಅತ್ತೆಯ ಕೈಯಲ್ಲಿ ಸೌದೆ ಕೊಟ್ಟಿದ್ದರು. ನಾನು ಸೌದೆ ಬೇಡ ಎಂದೆ. ಊಟದ ದೃಶ್ಯದಲ್ಲಿ ಸೊಸೆಯ ಬಟ್ಟಲಿನಿಂದ ಮೀನಿನ ತುಂಡನ್ನು ನಿಧಾನಕ್ಕೆ ತೆಗೆದೆ. “ನಿನಗೆ ಮೀನು ಆಗುದಿಲ್ಲ ಮಗಾ, ಮೊನ್ನೆ ಹೊಟ್ಟೆ ನೋವು ಅಂದಿದ್ದಿಯಲ್ಲ” ಎಂದು ಅವಳ ತಲೆ ಸವರಿದೆ. ತವರಿಗೆ ಹೋಗುತ್ತೇನೆ ಎಂದಾಗ, “ಈ ಬಿಸಿಲಿಗೆ ಬಸ್ಸಿನಲ್ಲಿ ಹೋದ್ರೆ ನಿನ್ನ ಆರೋಗ್ಯ ಎಂತ ಆಗ್ಬೇಕು?” ಎಂದು ಅವಳ ಚೀಲವನ್ನು ನಾನೇ ಒಳಗಿಟ್ಟೆ. ನಾಟಕ ಮುಗಿಯುವಾಗ ಸೊಸೆಗೆ ಅಳುವುದು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ಆಮೇಲೆ ಒಬ್ಬರು ಹೆಂಗಸು ಬಣ್ಣದ ಕೋಣೆಗೆ ಬಂದರು. ಒಳ್ಳೆಯ ಸೀರೆ, ನಗುಮುಖ. “ಭಾರಿ ಚಂದ ಮಾಡಿದ್ರಿ,” ಎಂದರು. “ಆದ್ರೆ ನಿಮ್ಮನ್ನು ಯಾಕೆ ಕೆಟ್ಟವರು ಅಂತ ಮಾಡಿದ್ದು ಅಂತ ನನಗೆ ಗೊತ್ತಾಗ್ಲಿಲ್ಲ. ನೀವು ಹೇಳಿದ್ದರಲ್ಲಿ ಎಂತ ತಪ್ಪುಂಟು?” ಹಿಂದೆ ತಿರುಗಿ, “ಕಂಡಿಯಾ, ಅತ್ತೆ ಅಂದ್ರೆ ಹೀಗೆ ನೋಡಿಕೊಳ್ಬೇಕು,” ಎಂದು ನಕ್ಕರು. ಹಿಂದೆ ಒಬ್ಬಳು ಹುಡುಗಿ ನಿಂತಿದ್ದಳು. ಕುತ್ತಿಗೆಯ ಎಲುಬು ಕಾಣುವಷ್ಟು ತೆಳ್ಳಗೆ. ಅವಳು ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ನಾನು ಹೊರಡುವಾಗ ಅವಳಿಗೆ ಮಾತ್ರ ಕೇಳುವ ಹಾಗೆ, ಪುತ್ತೂರಿನಲ್ಲಿ ನನ್ನ ಹೊಲಿಗೆಯ ಕೋಣೆ ಎಲ್ಲಿದೆಯೆಂದು ಹೇಳಿದೆ. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಅವಳು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೆಸರು ರೇವತಿ, ತವರು ಜಾಲ್ಸೂರಿನ ಕಡೆ.

“ನನ್ನ ಹತ್ರ ಯಾಕೆ ಬಂದದ್ದು?” ಎಂದು ಕೇಳಿದೆ. “ನಾನು ಅತ್ತೆ ಮಾಡಿದವಳು. ಸೊಸೆ ಮಾಡಿದ ಟೀಚರ್ ಸುಳ್ಯದಲ್ಲೇ ಇದ್ದಾರಲ್ಲ.”

“ಅವರು ಅತ್ತದ್ದು ಮಾತ್ರ,” ಎಂದಳು. “ಎಂತ ಮಾಡ್ತಾರೆ ಅಂತ ಗೊತ್ತಿರುದು ನಿಮಗೆ.”

ಅತ್ತೆ ಹೊಡೆಯುವುದಿಲ್ಲ, ಬೈಯುವುದಿಲ್ಲ. ತವರಿಗೆ ಹೋಗಿ ಹೇಳಿದಾಗ ತಂದೆ, ಅಷ್ಟು ಪ್ರೀತಿಯ ಅತ್ತೆ ಯಾರಿಗೆ ಸಿಗುತ್ತಾಳೆ ಎಂದು ಎರಡು ಸಲ ವಾಪಸು ಕಳಿಸಿದ್ದರು. “ನಾನು ಹೇಳಿದ್ರೆ ಅಪ್ಪನಿಗೆ ಅರ್ಥ ಆಗುದಿಲ್ಲ. ನೀವು ಬಂದು ಒಮ್ಮೆ ಮಾಡಿ ತೋರಿಸ್ತೀರಾ?”

ಜಾಲ್ಸೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಅತ್ತೆಯ ಮಾತುಗಳನ್ನು ಒಂದೊಂದಾಗಿ ಹೇಳಿದಳು. ಪಾತ್ರ ಕಲಿಯುವ ಹಾಗೆ ನಾನು ಅವನ್ನು ಬಾಯಿಪಾಠ ಮಾಡಿದೆ. ಎಲ್ಲಿ ನಗುತ್ತಾರೆ, ಎಲ್ಲಿ ತಲೆ ಸವರುತ್ತಾರೆ, ಎಲ್ಲಿ ಗಂಡನಿಗೆ ಕೇಳುವಂತೆ ಹೇಳುತ್ತಾರೆ ಎಂದು ಕೇಳಿ ತಿಳಿದುಕೊಂಡೆ.

ಅವಳ ತಂದೆ ಜಗಲಿಯಲ್ಲಿದ್ದರು. ತೋಟದಿಂದ ಆಗಷ್ಟೇ ಬಂದವರು, ಕಾಲಲ್ಲಿ ಮಣ್ಣು. ನಾನು ಯಾರೆಂದು ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ. “ನಾಟಕದವರಿಗೆ ಇಲ್ಲಿ ಎಂತ ಕೆಲಸ?” ಎಂದರು.

“ಸ್ವಲ್ಪ ಹೊತ್ತು ಕೂತುಕೊಳ್ಳಿ, ಸಾಕು,” ಎಂದೆ. ಬಣ್ಣವಿಲ್ಲ, ಪರದೆಯಿಲ್ಲ. ರೇವತಿಯನ್ನು ನನ್ನ ಎದುರು ಕೂರಿಸಿ ಸುರು ಮಾಡಿದೆ. “ಎದ್ದಿಯಾ ಮಗಾ? ಚಹಾ ಕುಡೀಬೇಡ, ನಿನಗೆ ಪಿತ್ತ. ಆ ಸೀರೆ ಬೇಡ, ನಿನ್ನ ಬಣ್ಣಕ್ಕೆ ಅದು ಹೊಂದುದಿಲ್ಲ, ಜನ ನಗ್ತಾರೆ.”

ತಂದೆ ನಡುವೆ ಬಾಯಿ ಹಾಕಿದರು. “ಇದರಲ್ಲಿ ತಪ್ಪೇನುಂಟು? ಪ್ರೀತಿಯಿಂದಲೇ ಹೇಳುದಲ್ವಾ?”

ನಾನು ಮುಂದುವರಿಸಿದೆ. ಅನ್ನ ಕಡಿಮೆ ಹಾಕಿಕೋ, ನಿನಗೆ ಜೀರ್ಣ ಆಗುದಿಲ್ಲ. ಪಕ್ಕದ ಮನೆಯವಳ ಹತ್ತಿರ ಮಾತಾಡಬೇಡ, ನೀನು ಏನೂ ಅರಿಯದ ಪಾಪದವಳು. ಮಲಗಬೇಡ, ಹಗಲು ಮಲಗಿದರೆ ಮೈ ಭಾರ. ಅಳುವುದು ಯಾಕೆ, ನಾನೇನು ಬೈದೆನಾ? ಗ್ರಹಚಾರ ಅಲ್ವಾ ನನ್ನದು, ಮಗಳ ಹಾಗೆ ನೋಡಿಕೊಂಡರೂ ಕಣ್ಣೀರು. ನಿನ್ನ ಅಪ್ಪ ಬಂದಾಗ ನಗುನಗುತ್ತಾ ಇರು, ಅವರಿಗೆ ಹೃದಯದ ತೊಂದರೆ ಉಂಟಲ್ಲ, ನಿನ್ನಿಂದಾಗಿ ಏನಾದರೂ ಆದರೆ?

ನನ್ನ ಎದುರಿಗಿದ್ದ ರೇವತಿ ನಟಿಸುತ್ತಿರಲಿಲ್ಲ. ಪ್ರತಿ ಮಾತಿಗೂ ಅವಳು ಸ್ವಲ್ಪ ಸ್ವಲ್ಪವೇ ಕುಗ್ಗುತ್ತಾ ಹೋದಳು. ಕೊನೆಕೊನೆಗೆ ತಲೆ ಮೊಣಕಾಲಿಗೆ ತಾಗಿತ್ತು. ಅವಳ ತಂದೆ ನನ್ನನ್ನು ನೋಡುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು.

“ಸಾಕು,” ಎಂದರು ಅವರು.

ನಾನು ನಿಲ್ಲಿಸಿದೆ. ಅವರು ಎದ್ದು, ಮೆಟ್ಟಿಲ ಮೇಲಿದ್ದ ಮಗಳ ಬ್ಯಾಗನ್ನು ಎತ್ತಿಕೊಂಡು, ಒಳಗೆ ಹೆಂಡತಿಯನ್ನು ಕೂಗಿದರು.

“ಇವಳು ಇನ್ನು ಇಲ್ಲೇ ಇರ್ತಾಳೆ. ಕೋಣೆಯಲ್ಲಿ ಅಡಿಕೆ ಮೂಟೆ ಉಂಟಲ್ಲ, ಅದನ್ನು ಆಚೆ ಇಡಿ.”